ಬಳ್ಳಾರಿಯಲ್ಲಿ ಕೆಲಸಕ್ಕೆ ಹತ್ತಿರದ, ಕೈಗೆಟುಕುವ ಬಾಡಿಗೆ ಮನೆ: ಓಣಿ ಆಯ್ದುಕೊಳ್ಳುವ ಬಗೆ

ತೋರಣಗಲ್ಲಿನ ಕಾರ್ಖಾನೆಗೆ ಹೊಸದಾಗಿ ಸೇರಿದವರು, ವಿಮ್ಸ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕವರು, ವರ್ಗವಾಗಿ ಬಂದ ಶಿಕ್ಷಕರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಬಳ್ಳಾರಿಯಲ್ಲಿ ಯಾವ ಏರಿಯಾದಲ್ಲಿ ಬಾಡಿಗೆ ಕಡಿಮೆ?” ಕೇಳಿದವರಿಗೆಲ್ಲ ಒಂದು ಬಡಾವಣೆಯ ಹೆಸರು ಹೇಳಿ ಕಳುಹಿಸುವುದು ಸುಲಭ. ಆದರೆ ಒಬ್ಬರಿಗೆ ಅಗ್ಗವಾದದ್ದು ಇನ್ನೊಬ್ಬರಿಗೆ ತುಟ್ಟಿಯಾಗುವ ಊರು ಇದು. ಬಾಡಿಗೆ ಎರಡು ಸಾವಿರ ಕಡಿಮೆ ಎಂದು ಹೋದವರು ಅದರ ಎರಡರಷ್ಟನ್ನು ಪೆಟ್ರೋಲಿಗೂ ಟ್ಯಾಂಕರ್ ನೀರಿಗೂ ಸುರಿಯುವುದನ್ನು ಬಳ್ಳಾರಿಯಲ್ಲಿ ಎಲ್ಲಿ ಬೇಕಾದರೂ ಕಾಣಬಹುದು. ಆದ್ದರಿಂದ ಹೆಸರು ಕೇಳುವುದನ್ನು ಬಿಟ್ಟು, ಕೆಳಗಿನ ಕ್ರಮದಲ್ಲಿ ನೀವೇ ಸೋಸುತ್ತ ಬನ್ನಿ.

ಕೈಯಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ಆಧಾರ್ ಪ್ರತಿ, ಕೆಲಸದ ಗುರುತಿನ ಚೀಟಿ ಅಥವಾ ನೇಮಕಾತಿ ಪತ್ರ, ಓಡಾಡಲು ಒಂದು ದ್ವಿಚಕ್ರ ವಾಹನ, ಎರಡು ಬಿಡುವಿನ ದಿನ, ಬರೆದುಕೊಳ್ಳಲು ಒಂದು ಪುಸ್ತಕ. ಮುಂಗಡದ ಹಣ ಬ್ಯಾಂಕಿನಲ್ಲೇ ಇರಲಿ. ಜೇಬಿನಲ್ಲಿದ್ದರೆ ಅವಸರದಲ್ಲಿ ಕೊಟ್ಟುಬಿಡುತ್ತೀರಿ.

1. ಕೆಲಸದ ಜಾಗ ಮತ್ತು ಪಾಳಿಯಿಂದ ಹೊರಡಿ

ಮೊದಲು ಕೆಲಸದ ಸ್ಥಳ ಊರಿನ ಯಾವ ದಿಕ್ಕಿಗಿದೆ ಎಂದು ಗುರುತಿಸಿಕೊಳ್ಳಿ. ವಿಮ್ಸ್ (ಈಗ ಅದರ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ, ಜನರ ಬಾಯಲ್ಲಿ ಇನ್ನೂ ವಿಮ್ಸ್) ಮತ್ತು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಎರಡೂ ಕಂಟೋನ್ಮೆಂಟ್ ಕಡೆಗಿವೆ. ಕುಡತಿನಿಯ ಉಷ್ಣ ವಿದ್ಯುತ್ ಕೇಂದ್ರ, ಅದನ್ನು ದಾಟಿದರೆ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ, ಇವೆರಡು ಹೊಸಪೇಟೆ ರಸ್ತೆಯಲ್ಲಿ. ಜೀನ್ಸ್ ಹೊಲಿಗೆಯ ಕೆಲಸ ಹಿಡಿದವರ ಓಡಾಟ ಹೆಚ್ಚಾಗಿ ಕೌಲ್ ಬಜಾರ್, ಬಂಡಿಹಟ್ಟಿ, ಮುಂಡರಗಿ ಕೈಗಾರಿಕಾ ಪ್ರದೇಶದ ಸುತ್ತ.

ಜಾಗದಷ್ಟೇ ಮುಖ್ಯ ಪಾಳಿ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬರುವವರು ಸಂತೆ ಬೀದಿಯ ಪಕ್ಕದಲ್ಲಿ ಮನೆ ಮಾಡಿದರೆ ಹಗಲು ನಿದ್ದೆ ಸಿಗುವುದಿಲ್ಲ. ಕಂಪನಿ ಬಸ್ ಇದ್ದರೆ ಅದು ಯಾವ ಯಾವ ವೃತ್ತದಲ್ಲಿ, ಎಷ್ಟು ಗಂಟೆಗೆ ನಿಲ್ಲುತ್ತದೆ ಎಂದು ಸಹೋದ್ಯೋಗಿಗಳಿಂದ ಮೊದಲೇ ಬರೆದುಕೊಳ್ಳಿ. ಆಗ ನಿಮಗೆ ಬೇಕಾಗುವುದು ಆ ನಿಲ್ದಾಣಕ್ಕೆ ಹತ್ತಿರದ ಮನೆ. ಕಾರ್ಖಾನೆ ಮೂವತ್ತು ಕಿಲೋಮೀಟರ್ ದೂರವಿದ್ದರೂ ನಡೆಯುತ್ತದೆ. ಗುತ್ತಿಗೆ ನೌಕರರಿಗೂ ಆ ಬಸ್ಸಿನಲ್ಲಿ ಜಾಗವಿದೆಯೇ ಎಂಬುದನ್ನು ಮಾತ್ರ ಸ್ಪಷ್ಟಪಡಿಸಿಕೊಳ್ಳಿ. ಇದೆ ಎಂದುಕೊಂಡು ಮನೆ ಮಾಡಿ, ಮರುದಿನ ಬೆಳಗ್ಗೆ ಬಸ್ ಹತ್ತಲು ಬಿಡದೆ ವಾಪಸು ಕಳುಹಿಸಿದರೆ ಮೊದಲ ವಾರವೇ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

2. ಬಾಡಿಗೆಯ ಜೊತೆ ದಾರಿಖರ್ಚನ್ನು ಕೂಡಿಸಿ

ಒಂದು ಲೆಕ್ಕ ನೋಡಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. ಕೆಲಸ ತೋರಣಗಲ್ಲಿನಲ್ಲಿ. ಬಳ್ಳಾರಿಯಲ್ಲಿ ನೋಡಿದ ಮನೆಗೆ ಬಾಡಿಗೆ 6,000 ರೂಪಾಯಿ. ಹೋಗಿ ಬರಲು ದಿನಕ್ಕೆ 60 ಕಿಲೋಮೀಟರ್, ತಿಂಗಳಿಗೆ 26 ದಿನಕ್ಕೆ 1,560 ಕಿಲೋಮೀಟರ್. ಬೈಕ್ ಲೀಟರಿಗೆ 50 ಕೊಟ್ಟರೆ 31 ಲೀಟರ್, ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ 3,100. ಒಟ್ಟು 9,100. ಅದೇ ತೋರಣಗಲ್ಲು ಅಥವಾ ಪಕ್ಕದ ಕುರೇಕುಪ್ಪದಲ್ಲಿ 8,000 ಬಾಡಿಗೆಯ ಮನೆಯಾದರೆ, ದಿನಕ್ಕೆ 10 ಕಿಲೋಮೀಟರ್ ಓಡಾಟಕ್ಕೆ ತಿಂಗಳಿಗೆ 500 ರೂಪಾಯಿ ಪೆಟ್ರೋಲ್. ಒಟ್ಟು 8,500. ಎರಡು ಸಾವಿರ ತುಟ್ಟಿ ಎಂದು ಕಂಡ ಮನೆಯೇ ಆರುನೂರು ಅಗ್ಗವಾಯಿತು. ಬೈಕಿನ ಟೈರು, ಸರ್ವಿಸ್, ಅದಿರು ಲಾರಿಗಳ ನಡುವೆ ಕತ್ತಲಲ್ಲಿ ಹೆದ್ದಾರಿಯ ಪ್ರಯಾಣ, ಇವನ್ನು ಇನ್ನೂ ಸೇರಿಸಿಲ್ಲ.

ಕೆಲಸಕ್ಕೆ ಹೋಗುವವರು ಮಹಿಳೆಯಾದರೆ ಲೆಕ್ಕ ಬದಲಾಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾರಿಗೆ ನಿಗಮದ ಸಾಮಾನ್ಯ ಬಸ್‌ಗಳಲ್ಲಿ ಅವರ ಪ್ರಯಾಣ ಉಚಿತ. ಬಳ್ಳಾರಿ–ಹೊಸಪೇಟೆ ಮಾರ್ಗದ ಬಸ್‌ಗಳು ಕುಡತಿನಿ, ತೋರಣಗಲ್ಲಿನ ಮೂಲಕವೇ ಹೋಗುವುದರಿಂದ ದೂರ ಅವರಿಗೆ ಸಮಯದ ಖರ್ಚಷ್ಟೇ. ಆದರೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಗಡಿಯಾಚೆಯ ಆಂಧ್ರದಿಂದ ಬಂದವರು ಬಳ್ಳಾರಿಯಲ್ಲಿ ಬಹಳ ಮಂದಿ. ಆಧಾರ್‌ನಲ್ಲಿ ವಿಳಾಸ ಬದಲಾಗುವವರೆಗೆ ಅವರು ಟಿಕೆಟ್ ತೆಗೆದುಕೊಳ್ಳಲೇಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಾದರೆ, ಮನೆ ಗಂಡನ ಕೆಲಸಕ್ಕೆ ಹತ್ತಿರವಿರಲಿ, ಹೆಂಡತಿ ಬಸ್ಸಿನಲ್ಲಿ ಹೋಗಲಿ ಎಂದು ಲೆಕ್ಕ ಹಾಕುವವರಿದ್ದಾರೆ. ಹಣದ ಲೆಕ್ಕ ಸರಿಯೇ ಇರಬಹುದು. ಆದರೆ ದಿನಕ್ಕೆರಡು ಗಂಟೆ ಬಸ್ಸಿನಲ್ಲಿ ಕಳೆದು ಬಂದು ಒಲೆ ಹಚ್ಚುವವರು ಯಾರು ಎಂಬುದನ್ನೂ ಆ ಪುಸ್ತಕದಲ್ಲೇ ಬರೆದುಕೊಳ್ಳಿ.

3. ಹಳಿಯ ಯಾವ ಬದಿ?

ನಕ್ಷೆಯಲ್ಲಿ ಎರಡು ಕಿಲೋಮೀಟರ್ ಎಂದು ಕಾಣುವ ದಾರಿ ಬಳ್ಳಾರಿಯಲ್ಲಿ ಅರ್ಧ ಗಂಟೆ ತಿನ್ನಬಹುದು. ಕಾರಣ ರೈಲು ಹಳಿ. ಸುಧಾ ಕ್ರಾಸ್‌ನ ಗೇಟಿನಲ್ಲಿ ಗೂಡ್ಸ್ ರೈಲಿನ ಡಬ್ಬಿ ಎಣಿಸುತ್ತ ನಿಂತ ಅನುಭವ ಊರಿನ ಪ್ರತಿಯೊಬ್ಬರಿಗೂ ಇದೆ. ಮಳೆ ಜೋರಾಗಿ ಬಂದರೆ ದುರ್ಗಮ್ಮನ ಗುಡಿ ಬಳಿಯ ಕೆಳಸೇತುವೆಯಲ್ಲಿ ನೀರು ನಿಲ್ಲುತ್ತದೆ.

ಆದ್ದರಿಂದ ಮನೆ ಇಷ್ಟವಾದರೆ, ಒಪ್ಪಿಕೊಳ್ಳುವ ಮೊದಲು ನಿಮ್ಮ ಪಾಳಿಯ ಸಮಯಕ್ಕೆ ಸರಿಯಾಗಿ ಆ ಮನೆಯಿಂದ ಕೆಲಸದ ಜಾಗಕ್ಕೆ ಒಮ್ಮೆ ಹೋಗಿ ನೋಡಿ. ಭಾನುವಾರ ಮಧ್ಯಾಹ್ನ ಹೋಗಿ ನೋಡಿದರೆ ಏನೂ ತಿಳಿಯುವುದಿಲ್ಲ.

4. ನೀರಿನ ವಿಚಾರಣೆ

ಇಡೀ ಹುಡುಕಾಟದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಬಳ್ಳಾರಿಗೆ ಕುಡಿಯುವ ನೀರು ತುಂಗಭದ್ರಾ ಕಾಲುವೆಯದು. ಕಾಲುವೆ ಹರಿಯುವ ತಿಂಗಳುಗಳಲ್ಲಿ ಅಲ್ಲೀಪುರ ಮತ್ತು ಮೋಕಾ ಕೆರೆಗಳಲ್ಲಿ ನೀರು ತುಂಬಿಸಿಟ್ಟುಕೊಂಡು, ಕಾಲುವೆ ನಿಂತಾಗ ಅದನ್ನೇ ಊರಿಗೆ ಹಂಚುತ್ತಾರೆ. ಹಾಗಾಗಿ ನಲ್ಲಿಗೆ ದಿನವೂ ನೀರು ಬರುತ್ತದೆಂಬ ನಂಬಿಕೆ ಬೇಡ. ಎಷ್ಟು ದಿನಕ್ಕೊಮ್ಮೆ ಎಂಬುದು ವಾರ್ಡಿನಿಂದ ವಾರ್ಡಿಗೆ, ಕೆಲವೆಡೆ ಓಣಿಯಿಂದ ಓಣಿಗೆ ಬೇರೆ. ಮಹಾನಗರ ಪಾಲಿಕೆಯ 39 ವಾರ್ಡುಗಳ ಗಡಿ ದಾಟಿದ ಹೊಸ ಬಡಾವಣೆಗಳಲ್ಲಿ ನಲ್ಲಿಯೇ ಇಲ್ಲದೆ, ಬೋರ್ ನೀರನ್ನೇ ನೆಚ್ಚಿದ ಮನೆಗಳೂ ಇವೆ. ತಾಳೂರು ರಸ್ತೆ, ಸಿರುಗುಪ್ಪ ರಸ್ತೆಯ ಹವಂಬಾವಿ, ಮೋಕಾ ರಸ್ತೆ, ಹೀಗೆ ಯಾವ ದಿಕ್ಕಿಗೆ ಹೋದರೂ ಹಳೆಯ ಬಡಾವಣೆ ಮುಗಿದು ಹೊಸ ಲೇಔಟ್ ಶುರುವಾಗುವಲ್ಲಿ ಬಾಡಿಗೆ ಇಳಿಯುತ್ತದೆ. ಯಾಕೆ ಇಳಿಯಿತು ಎಂದು ಕೇಳಿದರೆ ಹೆಚ್ಚಿನ ಸಲ ಉತ್ತರ ನೀರೇ.

ಮಾಲೀಕರನ್ನು ಕೇಳಿದರೆ “ನೀರಿಗೇನೂ ತೊಂದರೆ ಇಲ್ಲ” ಎನ್ನುತ್ತಾರೆ. ಅವರ ಮಾತನ್ನು ಅಲ್ಲಿಗೇ ಬಿಟ್ಟು ಎದುರು ಮನೆಯ ಅಮ್ಮನನ್ನು ಕೇಳಿ. ಪ್ರಶ್ನೆ ಹೀಗಿರಲಿ: ಕಳೆದ ಸಲ ನೀರು ಬಿಟ್ಟದ್ದು ಯಾವ ವಾರ? ಅದಕ್ಕೆ ಮುಂಚೆ ಯಾವಾಗ? ಎಷ್ಟು ಹೊತ್ತು ಬಂತು? ರಾತ್ರಿಯೋ ಹಗಲೋ? ನಡುರಾತ್ರಿ ನೀರು ಬಿಡುವ ಓಣಿಯಲ್ಲಿ ರಾತ್ರಿ ಪಾಳಿಯ ಒಂಟಿ ಬಾಡಿಗೆದಾರರು ಮೋಟಾರ್ ಹಾಕುವುದು ಹೇಗೆ? ವಾಲ್ವ್ ತಿರುಗಿಸುವ ನೀರಗಂಟಿ ಸಿಕ್ಕರಂತೂ ಅವರಿಗಿಂತ ಸರಿಯಾದ ಮಾಹಿತಿ ಪಾಲಿಕೆ ಕಚೇರಿಯಲ್ಲೂ ಸಿಗುವುದಿಲ್ಲ.

ಆಮೇಲೆ ಸಂಪಿನ ಮುಚ್ಚಳ ತೆಗೆಸಿ ನೋಡಿ. ಸಂಪು ಎಂದರೆ ನೆಲದಡಿಯ ನೀರಿನ ತೊಟ್ಟಿ. ಅಳತೆ ಕಷ್ಟವಲ್ಲ: ಒಂದು ಘನ ಅಡಿಗೆ ಸುಮಾರು 28 ಲೀಟರ್. ಆರು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಆಳದ ಸಂಪಿನಲ್ಲಿ 4,200 ಲೀಟರ್ ಹಿಡಿಯುತ್ತದೆ. ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಅದನ್ನು ಬಿಡಿ, ಕೈಬಿಗಿ ಹಿಡಿದು 80 ಲೀಟರಿನಲ್ಲಿ ಮುಗಿಸಿದರೂ ನಾಲ್ಕು ಜನಕ್ಕೆ ದಿನಕ್ಕೆ 320 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಾದರೆ 2,560 ಲೀಟರ್ ಸಂಗ್ರಹ ನಿಮ್ಮ ಒಂದು ಕುಟುಂಬಕ್ಕೇ ಬೇಕು. ಸಂಪು ಮೂರು ಪೋರ್ಷನ್‌ಗಳಿಗೆ ಸೇರಿದ್ದಾದರೆ ಆ 4,200 ಲೀಟರನ್ನು ಮೂರರಿಂದ ಭಾಗಿಸಿ. ಪೋರ್ಷನ್ ಎಂದರೆ ಒಂದೇ ಕಟ್ಟಡವನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟ ಮನೆ. ಬಳ್ಳಾರಿಯ ಅಗ್ಗದ ಮನೆಗಳಲ್ಲಿ ಬಹುಪಾಲು ಇಂಥವೇ.

ಬೋರ್ ನೀರು ಇದ್ದರೆ ನಲ್ಲಿಯ ಬಾಯಿ, ಬಚ್ಚಲ ಗೋಡೆಯನ್ನು ಗಮನಿಸಿ. ಬಿಳಿ ಪದರ ಕಟ್ಟಿದ್ದರೆ ನೀರು ಗಡಸು. ಬಟ್ಟೆ ಒಗೆಯಲು ನಡೆಯುತ್ತದೆ, ಬೇಳೆ ಬೇಯುವುದಿಲ್ಲ. ಆಗ ಕುಡಿಯಲು ಅಡುಗೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಬೇಕು. ಘಟಕ ಎಷ್ಟು ದೂರ, ಇಪ್ಪತ್ತು ಲೀಟರಿನ ಕ್ಯಾನನ್ನು ಎರಡನೇ ಮಹಡಿಗೆ ಹೊರುವವರು ಯಾರು ಎಂಬುದೂ ಎರಡನೇ ಹಂತದ ಲೆಕ್ಕಕ್ಕೆ ಸೇರುತ್ತದೆ.

ಎಲ್ಲರೂ ಎಡವುವುದು ಇಲ್ಲೇ: ಸೆಪ್ಟೆಂಬರಿನಲ್ಲಿ ಮನೆ ನೋಡಿ “ನೀರು ಚೆನ್ನಾಗಿದೆ” ಎಂದು ಬರೆದುಕೊಳ್ಳುತ್ತಾರೆ. ಆಗ ಕಾಲುವೆ ತುಂಬಿರುತ್ತದೆ. ನಿಮ್ಮ ಪ್ರಶ್ನೆ ಯಾವಾಗಲೂ ಏಪ್ರಿಲ್‌, ಮೇ ತಿಂಗಳ ಬಗ್ಗೆ ಇರಲಿ.

5. ಮನೆಯನ್ನು ಸಂಜೆ ನಾಲ್ಕರ ಹೊತ್ತಿಗೆ ನೋಡಿ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂದು ಇಲ್ಲಿನವರೇ ನಗುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ತಂಪಾಗಿ ಕಂಡ ಮನೆ ಸಂಜೆ ಏನಾಗಿರುತ್ತದೆ ಎಂದು ನೋಡಬೇಕಾದರೆ ನಾಲ್ಕು ಗಂಟೆಗೆ ಹೋಗಿ, ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ. ಕೈ ತೆಗೆಯುವಷ್ಟು ಬಿಸಿ ಇದ್ದರೆ ರಾತ್ರಿ ಹನ್ನೊಂದರವರೆಗೆ ಅದು ಆರುವುದಿಲ್ಲ. ಮೇಲೆ ಇನ್ನೊಂದು ಮಹಡಿ ಇಲ್ಲದ, ನೇರ ಆರ್‌ಸಿಸಿ ಚಾವಣಿಯ ಮನೆ ಅಗ್ಗಕ್ಕೆ ಸಿಗುವುದು ಈ ಕಾರಣಕ್ಕೇ. ತಗಡಿನ ಶೀಟ್ ಹಾಕಿದ ಮನೆಯಂತೂ ಒಬ್ಬಂಟಿಗರಿಗೆ ಹೇಗೋ ನಡೆದೀತು, ಕೂಸು ಇರುವ ಮನೆಗೆ ಬೇಡ. ಗುಡ್ಡದ ಬುಡದ ಓಣಿಗಳಲ್ಲೂ ಬಂಡೆ ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಬಿಡುತ್ತದೆ.

ನೆಲಮಹಡಿ, ಕಡಪ ಕಲ್ಲಿನ ನೆಲ, ಎದುರುಬದುರು ಎರಡು ಕಿಟಕಿ ಇದ್ದರೆ ಐನೂರು ರೂಪಾಯಿ ಹೆಚ್ಚು ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ಕೂಲರ್ ಇಡಲು ಹೊರಗಾಳಿ ಸಿಗುವ ಕಿಟಕಿ ಬೇಕು. ಮುಚ್ಚಿದ ಕೋಣೆಯಲ್ಲಿ ಕೂಲರ್ ಹಚ್ಚಿದರೆ ಹಬೆಯಲ್ಲಿ ಕೂತಂತೆ. ಮತ್ತೆ ಆ ಕೂಲರಿಗೂ ದಿನಕ್ಕೆ ನಾಲ್ಕಾರು ಕೊಡ ನೀರು ಬೇಕು, ನಾಲ್ಕನೇ ಹಂತವನ್ನು ಮರೆಯಬೇಡಿ.

ಕುಡತಿನಿ, ತೋರಣಗಲ್ಲಿನ ಸುತ್ತ ಮನೆ ನೋಡುವವರು ಚಾವಣಿ ಹತ್ತಿ ನೆಲದ ಮೇಲೆ ಬೆರಳಾಡಿಸಿ. ಬೂದಿ, ದೂಳು ಎಷ್ಟು ಕೂರುತ್ತದೆ ಎಂಬುದು ಗಾಳಿಯ ದಿಕ್ಕಿನ ಮೇಲೆ ಓಣಿ ಓಣಿಗೂ ಬೇರೆ. ಉಬ್ಬಸ ಇರುವವರು ಮನೆಯಲ್ಲಿದ್ದರೆ ಪೆಟ್ರೋಲ್ ಖರ್ಚಾದರೂ ಬಳ್ಳಾರಿಯಲ್ಲೇ ಇರುವುದು ಒಳ್ಳೆಯದು.

6. ಮೀಟರ್ ಯಾರ ಹೆಸರಿಗೆ, ಎಷ್ಟು ಮನೆಗೆ?

ಗೃಹಜ್ಯೋತಿಯಲ್ಲಿ ಬಾಡಿಗೆದಾರರಿಗೂ ಉಚಿತ ವಿದ್ಯುತ್ ಸಿಗುತ್ತದೆ. ಮನೆಯ ಮೀಟರಿನ ಆರ್‌ಆರ್ ಸಂಖ್ಯೆಗೆ (ಜೆಸ್ಕಾಂ ಬಿಲ್ಲಿನ ಮೇಲಿರುವ ನೋಂದಣಿ ಸಂಖ್ಯೆ) ನಿಮ್ಮ ಆಧಾರ್ ಜೋಡಿಸಿ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ತೊಡಕು ಎರಡು ಕಡೆ. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆಯನ್ನು ಬಿಡಿಸಿಕೊಳ್ಳದೆ ಹೋಗಿದ್ದರೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. ಕೀಲಿ ಪಡೆಯುವ ಮೊದಲೇ ಮಾಲೀಕರಿಂದ ಅದನ್ನು ಮಾಡಿಸಿ. ಎರಡನೆಯದು, ಮೂರು ಪೋರ್ಷನ್‌ಗೆ ಒಂದೇ ಮೀಟರ್, ಒಳಗೆ ಮಾಲೀಕರು ಹಾಕಿದ ಸಬ್‌ಮೀಟರ್. ಎಲ್ಲರ ಬಳಕೆ ಸೇರಿ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ನೀವು ಉರಿಸಿದ್ದು ಐವತ್ತೇ ಯುನಿಟ್ ಆದರೂ. ಕೂಲರ್ ಓಡುವ ಬೇಸಿಗೆಯಲ್ಲಿ ಅದು ದಾಟಿಯೇ ದಾಟುತ್ತದೆ. ಪ್ರತ್ಯೇಕ ಮೀಟರ್ ಇರುವ ಮನೆಗೆ ಆದ್ಯತೆ ಕೊಡಿ.

7. ಮಾತುಕತೆ, ದಲ್ಲಾಳಿ, ಮುಂಗಡ

ಗಾಂಧಿನಗರ, ಸತ್ಯನಾರಾಯಣ ಪೇಟೆ, ನೆಹರೂ ಕಾಲೊನಿಯಂಥ ಬಡಾವಣೆಗಳಲ್ಲಿ ದಲ್ಲಾಳಿಯಿಲ್ಲದೆ ಕೆಲಸ ಆಗುವುದು ಕಷ್ಟ. ಹಳೆಯ ಓಣಿಗಳಲ್ಲಿ ಮಾತ್ರ ಕಾಲುನಡಿಗೆಯೇ ಮದ್ದು. ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕ ತೂಗುಹಾಕದೆ ಖಾಲಿ ಇರುವ ಮನೆಗಳು ಎಷ್ಟೋ. ಅವುಗಳ ಸುದ್ದಿ ಇರುವುದು ಕಿರಾಣಿ ಅಂಗಡಿಯವರ ಬಳಿ, ಹಾಲು ಹಾಕುವವರ ಬಳಿ. ದಲ್ಲಾಳಿ ಹಿಡಿದರೆ ಕಮಿಷನ್ ಎಷ್ಟು, ಕರಾರು ಆದ ಮೇಲಷ್ಟೇ ಕೊಡುವುದೇ ಎಂಬುದನ್ನು ಮೊದಲ ಮನೆ ನೋಡುವ ಮುಂಚೆಯೇ ಮಾತಾಡಿಕೊಳ್ಳಿ.

ಮಾಲೀಕರಿಗೂ ಕೆಲವು ಪ್ರಶ್ನೆಗಳಿರುತ್ತವೆ: ಕುಟುಂಬವೋ ಬ್ಯಾಚುಲರೋ, ಮಾಂಸ ಬೇಯಿಸುತ್ತೀರೋ, ಕೊನೆಗೆ ಸುತ್ತಿ ಬಳಸಿ ಯಾವ ಜನ ಎಂಬುದು. ಕೇಳಬಾರದ್ದನ್ನು ಕೇಳುತ್ತಾರೆ, ಜಾತಿ, ಧರ್ಮ ತಿಳಿದ ಮೇಲೆ “ಮನೆ ಈಗಷ್ಟೇ ಆಯಿತು” ಎನ್ನುವವರೂ ಇದ್ದಾರೆ. ಇದು ಬಳ್ಳಾರಿಯದೊಂದೇ ರೋಗವಲ್ಲ. ಬಿಸಿಲಲ್ಲಿ ಹತ್ತು ಕಿಲೋಮೀಟರ್ ಹೋಗಿ ಆ ಉತ್ತರ ಕೇಳುವ ಬದಲು ಫೋನಿನಲ್ಲೇ ಕೇಳಿಬಿಡುವುದು ಲೇಸು. ಅಡುಗೆ, ಅತಿಥಿಗಳು, ರಾತ್ರಿ ಗೇಟು ಹಾಕುವ ಸಮಯ, ಬೈಕ್ ನಿಲ್ಲಿಸುವ ಜಾಗ, ಇವನ್ನೂ ಅದೇ ಕರೆಯಲ್ಲಿ ಮುಗಿಸಿ.

ಚೌಕಾಸಿಗೆ ಒಳ್ಳೆಯ ಕಾಲ ಆಷಾಢ. ಆ ತಿಂಗಳು ಮನೆ ಬದಲಿಸುವವರು ಕಡಿಮೆ, ಖಾಲಿ ಮನೆ ಇಟ್ಟುಕೊಂಡವರ ಬಿಗಿ ಸಡಿಲವಾಗಿರುತ್ತದೆ. ನಿಮಗೆ ಆ ನಂಬಿಕೆ ಇಲ್ಲದಿದ್ದರೆ ಲಾಭ ನಿಮ್ಮದು. ಮುಂಗಡದ ವಿಷಯಕ್ಕೆ ಬಂದರೆ, ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಬೇಡ ಎನ್ನುತ್ತದೆ. ರಾಜ್ಯವು ಒಪ್ಪಿ ಕಾಯ್ದೆ ಮಾಡಿದಲ್ಲಿ ಮಾತ್ರ ಅದಕ್ಕೆ ಬಲ, ಆದರೂ ಚೌಕಾಸಿಯ ಮಾತಿಗೆ ಬಳಸಿಕೊಳ್ಳಬಹುದು.

ಎರಡು ಎಚ್ಚರಿಕೆ. ಮೊಬೈಲಿನಲ್ಲಿ ಮನೆಯ ಫೋಟೊ ತೋರಿಸಿ, ತಾನು ಸೇನೆಯ ಅಧಿಕಾರಿ, ಬೇರೆ ಊರಿಗೆ ವರ್ಗವಾಗಿದೆ, ಮುಂಗಡ ಹಾಕಿದರೆ ಕೀಲಿ ಕಳುಹಿಸುತ್ತೇನೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇನ್ನೊಂದು, ಭೋಗ್ಯ. ಲಕ್ಷಗಟ್ಟಲೆ ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ ಪದ್ಧತಿ ಇದು. ಅವಧಿ ಮುಗಿದಾಗ ಹಣ ವಾಪಸು. ಕೇಳಲು ಚೆಂದ. ಆದರೆ ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ಕಟ್ಟದಿದ್ದರೆ ಬ್ಯಾಂಕ್ ಮನೆಯನ್ನು ಹರಾಜಿಗೆ ಹಾಕುತ್ತದೆ, ನಿಮ್ಮ ಲಕ್ಷಗಳಿಗೆ ನೀವು ಕೋರ್ಟು ಅಲೆಯಬೇಕು. ಭೋಗ್ಯಕ್ಕೆ ಇಳಿಯುವುದಾದರೆ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಅಡಮಾನ ಇದೆಯೇ ಎಂದು ತೋರಿಸುವ ದಾಖಲೆ) ತೆಗೆಸಿ ನೋಡಿ, ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಮಾಲೀಕರು ನೋಂದಣಿಗೆ ಒಪ್ಪದಿದ್ದರೆ ಅಲ್ಲಿಗೇ ಕೈಬಿಡಿ.

8. ಕರಾರು ಪತ್ರ

ಎಲ್ಲರೂ ಹನ್ನೊಂದು ತಿಂಗಳಿಗೇ ಯಾಕೆ ಬರೆಯುತ್ತಾರೆ ಎಂದು ಕೇಳುವವರಿದ್ದಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಈ ಹನ್ನೊಂದು. ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಒಂದು ಪ್ರತಿ ನೀವು ಇಟ್ಟುಕೊಳ್ಳಿ. ಬೆರಳಚ್ಚಿನವರ ಬಳಿ ಸಿದ್ಧ ನಮೂನೆ ಇರುತ್ತದೆ, ಅದರಲ್ಲಿ ಬಾಡಿಗೆ, ಮುಂಗಡ, ಏರಿಕೆಯ ಶೇಕಡಾ ಇರುತ್ತವೆ. ಇರದೆ ಹೋಗುವ ನಾಲ್ಕು ವಿಷಯ ನೀವು ಹೇಳಿ ಸೇರಿಸಬೇಕು: ನೀರು ಬಾರದಾಗ ಟ್ಯಾಂಕರ್ ಖರ್ಚು ಯಾರದು, ಮೋಟಾರ್ ಸುಟ್ಟರೆ ರಿಪೇರಿ ಯಾರದು, ಬಿಡುವಾಗ ಸುಣ್ಣಬಣ್ಣಕ್ಕೆಂದು ಮುಂಗಡದಲ್ಲಿ ಎಷ್ಟು ಹಿಡಿಯುತ್ತಾರೆ, ಖಾಲಿ ಮಾಡಲು ಎಷ್ಟು ದಿನದ ನೋಟಿಸ್. ಕೊನೆಯದನ್ನು ಬರೆಯದಿದ್ದರೆ, ತಿಂಗಳ ಬಾಡಿಗೆಯ ಮನೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಹದಿನೈದು ದಿನದ ನೋಟಿಸ್ ಸಾಕಾಗುತ್ತದೆ. ಹದಿನೈದು ದಿನದಲ್ಲಿ ಬಳ್ಳಾರಿಯಲ್ಲಿ ಇನ್ನೊಂದು ಮನೆ ಸಿಗುತ್ತದೆಯೇ? ಎರಡು ತಿಂಗಳು ಎಂದು ಬರೆಸಿ.

ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡಿ. ನಗದೇ ಬೇಕೆಂದು ಹಟ ಹಿಡಿದರೆ ಮೊತ್ತವನ್ನು ಕರಾರಿನಲ್ಲಿ ಅಕ್ಷರದಲ್ಲೂ ಬರೆಸಿ.

9. ಕೀಲಿ ಪಡೆಯುವ ದಿನ

ಹಾಲು ಉಕ್ಕಿಸುವ ಮೊದಲು ಕರೆಂಟ್ ಮೀಟರಿನ ಅಂಕಿಯ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸಿ. ಗೋಡೆಯ ಬಿರುಕು, ಒಡೆದ ಸಿಂಕ್, ತುಕ್ಕು ಹಿಡಿದ ಬಾಗಿಲು, ಇವುಗಳ ಫೋಟೊವನ್ನೂ ಅದೇ ದಿನ ಕಳುಹಿಸಿಬಿಡಿ. ಹನ್ನೊಂದು ತಿಂಗಳ ನಂತರ ಯಾರು ಒಡೆದರು ಎಂಬ ಮಾತು ಬರುವುದಿಲ್ಲ. ಹಳೆಯ ಬಿಲ್ ಬಾಕಿ ಇಲ್ಲ ಎಂದು ಜೆಸ್ಕಾಂ ರಸೀದಿ, ನೀರಿನ ಕಂದಾಯದ ರಸೀದಿ ಕೇಳಿ. ಮುಂಬಾಗಿಲಿನ ಬೀಗವನ್ನು ಹೊಸದಾಗಿ ತಂದು ಹಾಕಿ. ಗ್ಯಾಸ್ ಸಂಪರ್ಕದ ವಿಳಾಸ ಬದಲಾವಣೆಗೂ ಆಧಾರ್ ತಿದ್ದುಪಡಿಗೂ ಕರಾರಿನ ಪ್ರತಿ ಬೇಕಾಗುವುದರಿಂದ ನಾಲ್ಕು ನಕಲು ಮಾಡಿಸಿಟ್ಟುಕೊಳ್ಳಿ. ಮುಂದೆ ಈ ಮನೆ ಬಿಡುವ ದಿನ ಗೃಹಜ್ಯೋತಿಯ ಆಧಾರ್ ಜೋಡಣೆಯನ್ನು ನೀವೂ ಬಿಡಿಸಿಕೊಂಡೇ ಹೋಗಿ. ಅದಿಲ್ಲದಿದ್ದರೆ ಹೊಸ ಮನೆಯಲ್ಲಿ ನಿಮ್ಮ ಅರ್ಜಿಯೂ ನಿಲ್ಲುತ್ತದೆ, ನಿಮ್ಮ ಹಿಂದೆ ಬಂದವರದ್ದೂ ನಿಲ್ಲುತ್ತದೆ.